ಅಂತರ್ಜಾಲದ ಅಪರಾಧವೂ ಪ್ರಜೆಯ ಸ್ವಾತಂತ್ರ್ಯವೂ

ಯೆರೂಸಲೇಮಿನಲ್ಲಿ ಅಪೊಸ್ತಲನಾದ ಪೌಲನನ್ನು ಕೊರಡೆಗಳಿಂದ ಹೊಡೆಯಲು ಕಟ್ಟಿದಾಗ, ರೋಮಾಪುರದ ಹಕ್ಕುಳ್ಳವನನ್ನು ವಿಚಾರಣೆಯಿಲ್ಲದೆ ದಂಡಿಸುವ ಅಧಿಕಾರವು ಉಂಟೋ ಎಂದು ಆತನು ಶತಾಧಿಪತಿಯನ್ನು ಕೇಳಿದ ಸಂಗತಿಯನ್ನು ನಾವೆಲ್ಲರೂ ಓದಿರುವೆವಷ್ಟೆ. ಆ ಒಂದು ಪ್ರಶ್ನೆಗೆ ಅಧಿಕಾರಿಗಳು ಅಂಜಿ ಹಿಂದೆಗೆದರು. ಅಧಿಕಾರದ ಕೈ ಎಲ್ಲಿ ನಿಲ್ಲಬೇಕೆಂಬದನ್ನು ಶಾಸನವೇ ಗೊತ್ತುಮಾಡತಕ್ಕದ್ದು. ಈ ತತ್ತ್ವವು ನಮ್ಮ ಕಾಲದ ಅಂತರ್ಜಾಲಕ್ಕೆ ಹೇಗೆ ಅನ್ವಯಿಸುವದೆಂದು ಈ ಪಾಠದಲ್ಲಿ ವಿಚಾರಿಸುವೆವು.

ಮತ್ತೊಬ್ಬರ ವೇಷದಿಂದ ವಂಚಿಸುವದು, ಒಬ್ಬಳ ಗುಪ್ತಾಂಗಗಳ ಚಿತ್ರವನ್ನು ಅವಳ ಸಮ್ಮತಿಯಿಲ್ಲದೆ ತೆಗೆದು ಹರಡುವದು, ಇವು ನಿಜವಾದ ಅಪರಾಧಗಳು. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಶಾಸನದ 66ಡಿ ಮತ್ತು 66ಇ ಕಲಮುಗಳು ಇವುಗಳನ್ನು ಸ್ಪಷ್ಟವಾಗಿ ಹೆಸರಿಸಿ ಶಿಕ್ಷೆಯನ್ನು ವಿಧಿಸುತ್ತವೆ. ಇಂಥ ದುಷ್ಕೃತ್ಯಗಳನ್ನು ತಡೆಯುವದಕ್ಕೆ ಪೋಲೀಸಿನವರಿಗೆ ಅಧಿಕಾರವು ಬೇಕೇ ಬೇಕು.

ಆದರೆ 2008ರ ತಿದ್ದುಪಡಿಯಿಂದ ಅದೇ ಶಾಸನಕ್ಕೆ ಸೇರಿದ 66ಎ ಕಲಮು ಬೇರೊಂದು ಬಗೆಯದಾಗಿತ್ತು. ಅತಿಯಾಗಿ ಮನನೋಯಿಸುವ ಸಂದೇಶವನ್ನು ಕಳುಹಿದವರಿಗೆ 3 ವರ್ಷಗಳವರೆಗೆ ಸೆರೆಮನೆ ಎಂದು ಅದು ಹೇಳಿತೇ ಹೊರತು, ಯಾವ ಮಾತು ಅಂಥದ್ದೆಂದು ಹೇಳಲಿಲ್ಲ. ಅದನ್ನು ಅಳೆಯುವ ಕೆಲಸವು ಪೋಲೀಸ್ ಠಾಣೆಯ ಪಾಲಿಗೆ ಬಂದಿತು.

ಇದರ ಫಲವು 2012ರ ನವೆಂಬರಿನಲ್ಲಿ ಕಂಡುಬಂದಿತು. ರಾಜಕೀಯ ಮುಖಂಡರಾದ ಬಾಳ ಠಾಕರೆಯವರು ತೀರಿಕೊಂಡಾಗ ಮುಂಬಯಿ ನಗರವು ಸ್ತಬ್ಧವಾಯಿತು. ಜನರು ಅಂಗಡಿಗಳನ್ನು ಮುಚ್ಚಿದ್ದು ಗೌರವದಿಂದಲ್ಲ, ಭಯದಿಂದ ಎಂಬರ್ಥದ ಮಾತನ್ನು ಮಹಾರಾಷ್ಟ್ರದ ಪಾಲ್ಘರಿನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು. ಅವಳ ಗೆಳತಿಯು ಅದಕ್ಕೆ ಮೆಚ್ಚುಗೆಯ ಗುರುತನ್ನು ಒತ್ತಿದಳು. ಇಷ್ಟಕ್ಕೇ ಇಬ್ಬರೂ ಬಂಧಿಸಲ್ಪಟ್ಟರು. ಅವರು ಕದ್ದವರಲ್ಲ, ಯಾರನ್ನೂ ವಂಚಿಸಿದವರಲ್ಲ. ತಮಗೆ ತೋಚಿದ್ದನ್ನು ನುಡಿದವರು ಮಾತ್ರ.

ಶ್ರೇಯಾ ಸಿಂಘಲ್ ಎಂಬ ಯುವತಿಯು ಈ ಕಲಮಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿಯನ್ನು ಸಲ್ಲಿಸಿದಳು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚೆಲಮೇಶ್ವರ್ ಮತ್ತು ನರಿಮನ್ ಅವರು 66ಎ ಕಲಮನ್ನು ರದ್ದುಪಡಿಸಿದರು. ಚರ್ಚೆಯೂ ಅಭಿಪ್ರಾಯದ ಸಮರ್ಥನೆಯೂ, ಅವು ಪರರಿಗೆ ಎಷ್ಟೇ ಅಪ್ರಿಯವಾಗಿದ್ದರೂ, ಸಂವಿಧಾನದ ರಕ್ಷಣೆಗೆ ಒಳಪಟ್ಟವು. ಅವು ಪ್ರಚೋದನೆಯ ಮಟ್ಟವನ್ನು ಮುಟ್ಟಿದಾಗಲೇ ನಿರ್ಬಂಧಕ್ಕೆ ಎಡೆಯೆಂದು ತೀರ್ಪು ವಿವರಿಸಿತು.

ಆಶ್ಚರ್ಯವೇನೆಂದರೆ, ರದ್ದಾದ ಈ ಕಲಮಿನ ಕೆಳಗೆ ಆಮೇಲೂ ಹಲವೆಡೆ ಮೊಕದ್ದಮೆಗಳು ದಾಖಲಾಗುತ್ತಲೇ ಇದ್ದವು. ಇದರ ಮೇರೆಗೆ ಯಾರನ್ನೂ ವಿಚಾರಣೆಗೆ ಗುರಿಪಡಿಸಕೂಡದೆಂದು 2022ರಲ್ಲಿ ಅದೇ ನ್ಯಾಯಾಲಯವು ಪುನಃ ಆಜ್ಞಾಪಿಸಬೇಕಾಯಿತು. ತೀರ್ಪು ಕಾಗದದಲ್ಲಿದ್ದರೆ ಸಾಲದು; ಠಾಣೆಯೂ ಪ್ರಜೆಯೂ ಅದನ್ನು ಅರಿತಿರಬೇಕು.

ಈ ಅರಿವು ಕಳ್ಳರಿಂದಲೂ ನಮ್ಮನ್ನು ಕಾಯುವದು. ವಂಚಕರು ಪೋಲೀಸಿನವರ ಉಡುಪನ್ನು ಧರಿಸಿ ಫೋನಿನ ಪರದೆಯಲ್ಲಿ ಕಾಣಿಸಿಕೊಂಡು, ‘ಡಿಜಿಟಲ್ ಅರೆಸ್ಟ್’ ಮಾಡಿರುವೆವೆಂದು ಹೆದರಿಸಿ ಹಣವನ್ನು ಕಿತ್ತುಕೊಳ್ಳುತ್ತಾರೆ. ಅಂಥ ಬಂಧನವು ನಮ್ಮ ಶಾಸನದಲ್ಲಿ ಇಲ್ಲವೇ ಇಲ್ಲ. ಪೋಲೀಸಿನವರ ಅಧಿಕಾರದ ಎಲ್ಲೆಯನ್ನು ತಿಳಿದವಳು ಈ ಬಲೆಗೆ ಸುಲಭವಾಗಿ ಬೀಳಲಾರಳು. ಹಣವನ್ನು ಕಳೆದುಕೊಂಡವರು ನಾಚಿಕೆಪಡದೆ, ತಡಮಾಡದೆ, 1930 ಎಂಬ ಸಹಾಯವಾಣಿಗೆ ತಿಳಿಸತಕ್ಕದ್ದು.

ಪ್ರಿಯ ವಿದ್ಯಾರ್ಥಿನಿಯರೇ, ನಮ್ಮ ನುಡಿಯು ಸತ್ಯವೂ ಸೌಮ್ಯವೂ ಆಗಿರಲಿ. ಆದರೆ ಅದನ್ನು ಹಾಗೆ ಕಾಯ್ದುಕೊಳ್ಳುವದು ನಮ್ಮ ಮನಸ್ಸಾಕ್ಷಿಯ ಕೆಲಸ, ಠಾಣೆಯ ಕೆಲಸವಲ್ಲ. ಪೌಲನು ಪ್ರಶ್ನಿಸಬಲ್ಲವನಾದದ್ದು ತನ್ನ ಹಕ್ಕನ್ನು ಅರಿತಿದ್ದರಿಂದಲೇ. ನಾವೂ ಅರಿತಿರೋಣ.