ಆರರಿಂದ ಎಂಟು: ಕೈಬಿಡಬಾರದ ಮೂರು ವರ್ಷ

ಒಂದನೇ ತರಗತಿಯ ಮಗುವಿಗೆ ನಲಿ-ಕಲಿ ಇದೆ. ಕಾರ್ಡು, ಹಾಡು, ಬಣ್ಣ ಇದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ ಇದೆ, ಮನೆಮಂದಿಯೆಲ್ಲರ ಕಾವಲಿದೆ. ನಡುವಿನ ಮಕ್ಕಳಿಗೆ? ಆರನೇ ತರಗತಿಗೆ ಕಾಲಿಟ್ಟ ಕೂಡಲೇ ಪರಿಸರ ಅಧ್ಯಯನ ಹೋಗಿ ವಿಜ್ಞಾನ, ಸಮಾಜ ಎರಡು ವಿಷಯಗಳಾಗುತ್ತವೆ. ಮೂರನೇ ಭಾಷೆ ಬಂದು ಸೇರುತ್ತದೆ. ಮೈಯೂ ಮನಸ್ಸೂ ಬದಲಾಗತೊಡಗುತ್ತವೆ. ಸರಿಯಾಗಿ ಅದೇ ಹೊತ್ತಿಗೆ ದೊಡ್ಡವರು "ಇನ್ನು ಅವನೇ ಓದ್ಕೋತಾನೆ ಬಿಡಿ" ಎಂದು ಹಿಂದೆ ಸರಿಯುತ್ತಾರೆ. ಹತ್ತರಲ್ಲಿ ಗಣಿತ ಎಂದರೆ ಕಂಗಾಲಾಗುವ ಎಷ್ಟೋ ಮಕ್ಕಳ ಭಯ ಬೇರು ಬಿಟ್ಟಿದ್ದು ಈ ಮೂರು ವರ್ಷಗಳಲ್ಲೇ. ಅದಕ್ಕೇ ತಂದೆ-ತಾಯಿಗೂ ಮೇಷ್ಟ್ರು-ಮೇಡಂಗಳಿಗೂ ಈ ಕೆಲವು ಸೂತ್ರಗಳು.

1. ಅಂಕ ನೋಡುವ ಮೊದಲು ತಪ್ಪು ನೋಡಿ.
ಉತ್ತರ ಪತ್ರಿಕೆ ಮನೆಗೆ ಬಂದರೆ ನಮ್ಮ ಕಣ್ಣು ಮೊದಲು ಹೋಗುವುದು ಕೆಂಪು ಶಾಯಿಯ ಅಂಕಿಗೆ. ಮಗುವಿಗೆ ಏನು ಗೊತ್ತಿಲ್ಲ ಎಂಬುದು ಇರುವುದು ಒಳಪುಟದಲ್ಲಿ. 1/2 + 1/3 = 2/5 ಎಂದು ಬರೆದಿದೆ ಅನ್ನಿ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. ಇದು ಅಜಾಗರೂಕತೆಯಲ್ಲ, ಮಗು ತನ್ನದೇ ಒಂದು ನಿಯಮ ಕಟ್ಟಿಕೊಂಡಿದೆ. "ಮೊದಲು ಅರ್ಧ ರೊಟ್ಟಿ ತಿಂದೆ, ಆಮೇಲೆ ಇನ್ನೂ ಸ್ವಲ್ಪ ತಿಂದೆ. ಒಟ್ಟು ತಿಂದಿದ್ದು ಅರ್ಧಕ್ಕಿಂತ ಕಡಿಮೆ ಆಗುತ್ತಾ?" ಎಂದು ಕೇಳಿ. 2/5 ಅರ್ಧಕ್ಕಿಂತ ಚಿಕ್ಕದು ಎಂದು ಅದಕ್ಕೇ ಹೊಳೆಯುತ್ತದೆ. ಆಮೇಲೆ ಒಂದು ಹಾಳೆಯನ್ನು ಆರು ಸಮಭಾಗವಾಗಿ ಮಡಿಸಲು ಹೇಳಿ. ಅರ್ಧ ಎಂದರೆ ಮೂರು ಭಾಗ, ಮೂರರಲ್ಲೊಂದು ಎಂದರೆ ಎರಡು ಭಾಗ, ಒಟ್ಟು 5/6. ಹತ್ತು ನಿಮಿಷದ ಕೆಲಸ. ಭಿನ್ನರಾಶಿ ಅರ್ಥವಾಗದೆ ಬೀಜಗಣಿತಕ್ಕೆ ದಾಟಿದ ಮಗು ಮುಂದೆ ಪ್ರತಿ ಅಧ್ಯಾಯದಲ್ಲೂ ಮುಗ್ಗರಿಸುತ್ತದೆ. ಹತ್ತನೇ ತರಗತಿಯ ಟ್ಯೂಷನ್ನಿಗೆ ಕೂಡಿಡುವ ದುಡ್ಡಿಗಿಂತ ಆರನೇ ತರಗತಿಯ ಈ ಹತ್ತು ನಿಮಿಷಕ್ಕೆ ಬೆಲೆ ಹೆಚ್ಚು ಎಂಬುದು ನನ್ನ ಖಚಿತ ನಂಬಿಕೆ.

2. ಹೋಂವರ್ಕ್ ಕಾಪಿ ಹೊಡೆದರೆ, ಬೈಯುವ ಮೊದಲು ಲೆಕ್ಕಗಳನ್ನು ಕಡಿಮೆ ಮಾಡಿ.
ಬೆಳಿಗ್ಗೆ ಪ್ರಾರ್ಥನೆಯ ಗಂಟೆಗೆ ಮುಂಚೆ ಗೆಳೆಯನ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಗೀಚುವ ಮಗುವನ್ನು ಕಳ್ಳನಂತೆ ನಿಲ್ಲಿಸಿದರೆ ಅದು ಕಲಿಯುವುದು ಇನ್ನೂ ಚೆನ್ನಾಗಿ ಮುಚ್ಚಿಡುವುದನ್ನು. ಗೊತ್ತಿಲ್ಲ ಎಂದು ಹೇಳಲು ಹೆದರಿ ನಕಲು ಮಾಡುವ ಮಕ್ಕಳೇ ಹೆಚ್ಚು. ಹತ್ತು ಲೆಕ್ಕದ ಬದಲು ಎರಡೇ ಕೊಡಿ. "ತಪ್ಪಾದರೂ ಪರವಾಗಿಲ್ಲ, ನಿನ್ನದೇ ಇರಲಿ" ಎನ್ನಿ. ಆ ಮಾತಿಗೆ ನೀವೂ ಬದ್ಧರಾಗಿರಬೇಕು, ತಪ್ಪು ಉತ್ತರ ತಂದ ದಿನ ಗದರಬಾರದು. ಪ್ರಾಮಾಣಿಕತೆಯಿಂದ ನಷ್ಟವಿಲ್ಲ ಎಂದು ಗೊತ್ತಾದಾಗಲೇ ಮಗು ಪ್ರಾಮಾಣಿಕವಾಗುತ್ತದೆ. ನೀತಿಪಾಠದ ಪಿರಿಯಡ್ ಒಂದರಿಂದಲೇ ಅದು ಬರುವುದಿಲ್ಲ.

3. "ಏನು ಓದಿದೆ?" ಎನ್ನುವ ಬದಲು "ಊಟಕ್ಕೆ ಯಾರ ಪಕ್ಕ ಕೂತಿದ್ದೆ?" ಎಂದು ಕೇಳಿ.
ಮೊದಲನೆಯದಕ್ಕೆ "ಎಲ್ಲಾ ಓದಿದೆ" ಎಂಬ ಒಂದೇ ಉತ್ತರ. ಎರಡನೆಯದಕ್ಕೆ ಬಿಸಿಯೂಟದ ಸಾಲಿನ ಇಡೀ ಕಥೆ ಬರುತ್ತದೆ: ಯಾರು ಮಾತು ಬಿಟ್ಟರು, ಯಾರು ಅಡ್ಡಹೆಸರಿಟ್ಟು ಕರೆದರು, ಯಾರು ಮೊಟ್ಟೆ ಹಂಚಿಕೊಂಡರು. ವಾರಗಟ್ಟಲೆ "ಯಾರೂ ಇಲ್ಲ, ಒಬ್ಬನೇ" ಎಂಬ ಉತ್ತರ ಬಂದರೆ ತರಗತಿ ಶಿಕ್ಷಕರನ್ನು ಹೋಗಿ ಕಾಣಿ. ಈ ವಯಸ್ಸಿನಲ್ಲಿ ಗೆಳೆಯರಿಲ್ಲದ ಮಗುವಿಗೆ ಪಾಠ ತಲೆಗೆ ಹತ್ತುವುದಿಲ್ಲ.

4. ನಿದ್ದೆ ಕಾಯಿರಿ.
ಹನ್ನೆರಡು ವರ್ಷದವರೆಗಿನ ಶಾಲಾ ಮಕ್ಕಳಿಗೆ ರಾತ್ರಿ 9 ತಾಸಾದರೂ ನಿದ್ದೆ ಬೇಕು, ಹದಿಮೂರು ದಾಟಿದವರಿಗೆ 8 ತಾಸಾದರೂ. ಮಲಗುವ ಕೋಣೆಯಲ್ಲಿ ಯಾರ ಮೊಬೈಲೂ ಬೇಡ. ಅಪ್ಪನದೂ.

5. ನೀಲಿ ಮಾತ್ರೆ ತಪ್ಪಿಸಬೇಡಿ.
ಆರನೇ ತರಗತಿಯಿಂದ ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಮಲ ಕಪ್ಪಾಯಿತು, ಹೊಟ್ಟೆ ತೊಳಸಿತು ಎಂದು ಹೆದರಿ ಕಿಟಕಿಯಾಚೆ ಎಸೆಯುವ ಮಕ್ಕಳಿದ್ದಾರೆ. ಮಲದ ಬಣ್ಣ ಬದಲಾಗುವುದು ಸಹಜ; ಊಟವಾದ ಮೇಲೆ ನುಂಗಿದರೆ ತೊಳಸುವುದೂ ಕಡಿಮೆಯಾಗುತ್ತದೆ. ಊಟದ ಹಿಂದೆಯೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ. ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುವ ಹುಡುಗಿಯನ್ನು ಸೋಮಾರಿ ಎನ್ನುವ ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸಿ.

6. ಮೈಯ ಬದಲಾವಣೆಯ ಬಗ್ಗೆ ಮೊದಲೇ ಮಾತಾಡಿ.
ಮುಟ್ಟಿನ ವಿಷಯ ಹುಡುಗಿಗೆ ತಿಳಿಯಬೇಕಾದ್ದು ಅದು ಆಗುವ ಮೊದಲು. ಹುಡುಗರಿಗೂ ಹೇಳಿ, ದನಿ ಒಡೆಯುವುದರ ಬಗ್ಗೆ, ಮೀಸೆ ಚಿಗುರುವುದರ ಬಗ್ಗೆ, ಮತ್ತು ತರಗತಿಯ ಹುಡುಗಿಯ ಲಂಗದ ಮೇಲೆ ಕಲೆ ಕಂಡರೆ ನಗಬಾರದು ಎಂಬುದರ ಬಗ್ಗೆ. ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ, ಹೆದರಿಸಿದರೆ, ಬಾಲ್ಯವಿವಾಹದ ಮಾತೆತ್ತಿದರೆ 1098ಕ್ಕೆ ಕರೆ ಮಾಡಬಹುದು. ಈ ನಂಬರ್ ಪ್ರತಿ ಮಗುವಿಗೂ ಬಾಯಿಪಾಠವಿರಬೇಕು.

7. ಪಕ್ಕದ ಮನೆಯ ಮಗುವಿನ ಹೆಸರು ಎತ್ತಬೇಡಿ. ಯಾವ ಕಾರಣಕ್ಕೂ.

8. ಪಠ್ಯದಾಚೆಯ ಒಂದು ಪುಸ್ತಕ ಸದಾ ಕೈಯಲ್ಲಿರಲಿ.
ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಈಗಿನ ಹೆಸರಲ್ಲಿ ಅರಿವು ಕೇಂದ್ರದಲ್ಲಿ, ಮಕ್ಕಳಿಗೆ ಸದಸ್ಯತ್ವ ಉಚಿತ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಬಂದ ಅನುಕೂಲವಿದು. ಆರನೇ ತರಗತಿಯಲ್ಲೂ ಅಕ್ಷರ ಕೂಡಿಸಿಕೊಂಡು ಓದುವ ಮಗುವಿಗೆ ಚಿಕ್ಕವರ ಚಿತ್ರಕಥೆ ಪುಸ್ತಕವನ್ನೇ ಕೊಡಿ. ತಂಗಿಗೆ ಓದಿ ಹೇಳುವ ನೆಪದಲ್ಲಿ ಓದಿದರೆ ನಾಚಿಕೆಯೂ ಇರುವುದಿಲ್ಲ.

9. ನಿಜವಾದ ಜವಾಬ್ದಾರಿ ಕೊಡಿ.
ಶಾಲಾ ಸಂಸತ್ತಿನಲ್ಲಿ ಆರೋಗ್ಯ ಮಂತ್ರಿ ಎಂದು ಹೆಸರಿಟ್ಟು ಸುಮ್ಮನಾದರೆ ಏನೂ ಆಗದು. ಶೌಚಾಲಯಕ್ಕೆ ನೀರಿಲ್ಲದಿದ್ದರೆ ಆ ಮಂತ್ರಿಯೇ ಅರ್ಜಿ ಬರೆದು ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲಿ. ಪಂಚಾಯಿತಿಯವರು ಉತ್ತರ ಕೊಡಲೇಬೇಕಾದ ಪ್ರಶ್ನೆ ಕೇಳಿದ ಮಗು ಮರುದಿನ ತರಗತಿಯಲ್ಲೂ ಕೈ ಎತ್ತುತ್ತದೆ.

10. ಎನ್‌ಎಂಎಂಎಸ್ ಪರೀಕ್ಷೆಗೆ ಏಳರಿಂದಲೇ ಅಣಿಗೊಳಿಸಿ.
ಎಂಟನೇ ತರಗತಿಯ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳು ಬರೆಯುವ ವಿದ್ಯಾರ್ಥಿವೇತನ ಪರೀಕ್ಷೆ ಇದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು; ಏಳರಲ್ಲಿ ಶೇ. 55 ಅಂಕ ಬೇಕು, ಪರಿಶಿಷ್ಟರಿಗೆ ಶೇ. 50 ಸಾಕು. ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

11. ಏಳು ಮುಗಿದ ಬೇಸಿಗೆಯಲ್ಲಿ ಎಚ್ಚರ.
ಏಳನೇ ತರಗತಿಗೇ ನಿಲ್ಲುವ ಹಳ್ಳಿ ಶಾಲೆಗಳು ಇನ್ನೂ ಎಷ್ಟೋ ಇವೆ. ಎಂಟಕ್ಕೆ ಪಕ್ಕದೂರಿನ ಪ್ರೌಢಶಾಲೆ, ಹೊಸ ಮೇಷ್ಟ್ರು, ಬಸ್ಸಿನ ಕಾಟ. ಶಾಲೆ ಬಿಡುವ ಮಾತು, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಏಳುವುದು ಈ ತಿರುವಿನಲ್ಲೇ. ಹಳೆಯ ಶಾಲೆಯ ಮುಖ್ಯ ಶಿಕ್ಷಕರು ಟಿ.ಸಿ. ಕೊಟ್ಟು ಕೈ ತೊಳೆದುಕೊಳ್ಳಬಾರದು. ಯಾವ ಮಗು ಎಲ್ಲಿ ಸೇರಿತು ಎಂದು ಜೂನ್ ತಿಂಗಳಲ್ಲಿ ಒಂದೊಂದೇ ಹೆಸರು ಹಿಡಿದು ವಿಚಾರಿಸಬೇಕು. ತಂದೆ-ತಾಯಿ ಮೇ ತಿಂಗಳಲ್ಲೇ ಮಗುವಿನ ಜೊತೆ ಆ ಬಸ್ಸು ಹತ್ತಿ ಹೋಗಿ ಬರಲಿ. ಜೊತೆಗೆ ಹೋಗುವ ಮಕ್ಕಳು ಯಾರೆಂದು ಗೊತ್ತುಮಾಡಿಕೊಂಡು, ಸಂಜೆ ಬಸ್ಸು ತಪ್ಪಿದರೆ ಯಾರ ಮನೆಯಲ್ಲಿ ಕೂರಬೇಕು ಎಂಬುದನ್ನೂ ಅವತ್ತೇ ಮಾತಾಡಿಟ್ಟುಕೊಳ್ಳಲಿ.