ಮೂರ್ಛೆರೋಗವೂ ಮದುವೆಯ ಕಾನೂನೂ

ನಟರಾಜನ ಪಾದದಡಿಯ ಕುಬ್ಜನಿಗೆ ಅಪಸ್ಮಾರನೆಂದು ಹೆಸರು. ಆಯುರ್ವೇದದಲ್ಲಿ ಮೂರ್ಛೆರೋಗಕ್ಕೂ ಅದೇ ಹೆಸರು. ಈ ವ್ಯಾಧಿಯು ಮಿದುಳಿನ ವಿದ್ಯುತ್ತಿನ ಏರುಪೇರಿನಿಂದ ಬರುವುದೇ ಹೊರತು ದೆವ್ವದಿಂದಲ್ಲ, ಅಂಟುವುದೂ ಇಲ್ಲ. ಬಿದ್ದವನ ಕೈಗೆ ಕಬ್ಬಿಣ ಕೊಡುವುದು ವ್ಯರ್ಥ, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಕ್ರಮವಾಗಿ ಔಷಧಿ ಸೇವಿಸಿದರೆ ನೂರರಲ್ಲಿ 70 ಮಂದಿಯವರೆಗೆ ಸೆಳವು ನಿಲ್ಲಬಲ್ಲದು.

ಆದರೆ ಜನರ ಮಾತಿಗೆ ಔಷಧಿಯಿಲ್ಲ. ಹೆಣ್ಣಾದರಂತೂ ತವರಿನವರು ರೋಗವನ್ನು ಮುಚ್ಚಿಟ್ಟು ಮದುವೆ ಮಾಡುವುದುಂಟು. ಗಂಡನ ಮನೆಯಲ್ಲಿ ಗುಟ್ಟು ಬಯಲಾದೀತೆಂದು ಆಕೆ ಮಾತ್ರೆಯನ್ನೇ ಬಿಡುತ್ತಾಳೆ, ಸೆಳವು ಮರುಕಳಿಸುತ್ತದೆ. ಈ ಅಂಜಿಕೆಗೆ ಕಾನೂನೂ ಒತ್ತಾಸೆಯಾಗಿತ್ತು. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯು ಪದೇ ಪದೇ ಮೂರ್ಛೆ ಬರುವವರನ್ನು ಹುಚ್ಚು ಮರುಕಳಿಸುವವರ ಸಾಲಿನಲ್ಲಿ ಕೂರಿಸಿ, ವಿವಾಹಕ್ಕೆ ಅನರ್ಹರೆಂದಿತು. ಆ ಶಬ್ದವನ್ನು ತೆಗೆದುಹಾಕಿದ್ದು 1999ರಲ್ಲಿ. ಹೆಣ್ಣು ನೋಡಲು ಬಂದವರು ನೆರೆಮನೆಯಲ್ಲಿ ಮೆಲ್ಲಗೆ ವಿಚಾರಿಸುವುದು ಮಾತ್ರ ನಮ್ಮ ಕಡೆ ಇನ್ನೂ ನಿಂತಿಲ್ಲ.