ಗರ್ಭಾವಸ್ಥೆಯ ಪೋಷಣೆ ಮತ್ತು ಮಗುವಿನ ಮುಂದಿನ ಆರೋಗ್ಯ

ಹೃದಯಾಘಾತ, ರಕ್ತದ ಒತ್ತಡ, ಸಕ್ಕರೆ ಕಾಯಿಲೆ ಇವು ಪಟ್ಟಣದ ಸಿರಿವಂತರಿಗೆ ಮಾತ್ರ ಬರುವ ವ್ಯಾಧಿಗಳೆಂದು ಹಳ್ಳಿಗಳಲ್ಲಿ ಬಹುಕಾಲ ನಂಬಲಾಗಿತ್ತು. ಮೈಮುರಿದು ದುಡಿದು ಮುದ್ದೆ ಉಣ್ಣುವವನಿಗೆ ಇವು ಏಕೆ ಬರಬೇಕು? ಆದರೆ ಈಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ರೈತರಲ್ಲಿಯೂ ಕೂಲಿಕಾರರಲ್ಲಿಯೂ ಇವು ಕಂಡುಬರುತ್ತಿವೆ. ಸಣಕಲು ಮೈಯವನಿಗೆ ಸಕ್ಕರೆ ಕಾಯಿಲೆಯಿದೆ ಎಂದರೆ ಮನೆಯವರು ನಂಬುವುದೇ ಇಲ್ಲ. ಬೀಡಿ, ಮದ್ಯ, ಅತಿಯಾದ ಉಪ್ಪು ಇವೆಲ್ಲ ಕಾರಣಗಳೆಂಬುದು ನಿಜ. ಆದರೆ ಇನ್ನೊಂದು ಕಾರಣವು ಆತನು ಹುಟ್ಟುವುದಕ್ಕೂ ಹಿಂದಿನದು.

ಇದಕ್ಕೆ ಆಧಾರವು ನಮ್ಮ ಮೈಸೂರಿನಲ್ಲಿಯೇ ದೊರೆತಿದೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮುಂದೆ ಇದರಿಂದ ಏನು ತಿಳಿದೀತೆಂದು ಬರೆದವರು ಊಹಿಸಿರಲಾರರು. 1934 ಮತ್ತು 1954ರ ನಡುವೆ ಅಲ್ಲಿ ಜನಿಸಿದ 517 ಮಂದಿ ಸ್ತ್ರೀಪುರುಷರನ್ನು ವೈದ್ಯರು ಹುಡುಕಿ ಪರೀಕ್ಷಿಸಿ, 1996ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇದ್ದಿತು. 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ಶೇಕಡಾ 3 ಮಂದಿಗೆ ಮಾತ್ರ. ಬಸುರಿಯಾಗಿದ್ದಾಗ ಯಾರ ತಾಯಂದಿರ ಮೈತೂಕ ಕಡಿಮೆಯಿದ್ದಿತೋ ಅವರಲ್ಲಿಯೂ ಈ ಕಾಯಿಲೆ ಹೆಚ್ಚಾಗಿ ಕಂಡಿತು.

ಇದು ಹೇಗೆಂದು ಬೇಸಾಯಗಾರರಿಗೆ ವಿವರಿಸುವುದು ಕಷ್ಟವಲ್ಲ. ಒಟ್ಲಿನಲ್ಲಿಯೇ ಸೊರಗಿದ ಸಸಿಯನ್ನು ಗದ್ದೆಗೆ ನಾಟಿ ಮಾಡಿ, ಆಮೇಲೆ ಎಷ್ಟು ಗೊಬ್ಬರ ಸುರಿದರೂ ಅದು ಹುಲುಸಾಗಿ ತೆಂಡೆ ಹೊಡೆಯುವುದಿಲ್ಲ. ಶರೀರದ ಒಂದೊಂದು ಅಂಗವೂ ತನಗೆ ಗೊತ್ತಾದ ಕಾಲದಲ್ಲಿ ಕಟ್ಟಲ್ಪಡುತ್ತದೆ. ರಕ್ತವನ್ನು ಸೋಸುವ ಮೂತ್ರಪಿಂಡದ ಸೂಕ್ಷ್ಮ ಭಾಗಗಳು ಗರ್ಭದಲ್ಲಿಯೇ ನಿರ್ಮಾಣವಾಗುತ್ತವೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಅವು ಮತ್ತೆ ಹೊಸದಾಗಿ ಹುಟ್ಟುವುದಿಲ್ಲ. ಆಹಾರ ಸಾಲದಾದಾಗ ಗರ್ಭಸ್ಥ ಶಿಶುವು ಮಿದುಳನ್ನು ಮೊದಲು ಕಾಪಾಡಿಕೊಂಡು ಮಿಕ್ಕ ಅಂಗಗಳಲ್ಲಿ ಮಿತವ್ಯಯ ಮಾಡುತ್ತದೆ. ಆ ಕೊರತೆಯು ಎಳವೆಯಲ್ಲಿ ಕಾಣದೆ, ನಲವತ್ತು ಐವತ್ತರ ವಯಸ್ಸಿನಲ್ಲಿ ಕಾಯಿಲೆಯಾಗಿ ಹೊರಬೀಳಬಹುದು.

ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನವು ಇನ್ನೊಂದು ಸಂಗತಿಯನ್ನು ತಿಳಿಸಿತು. ಅಲ್ಲಿಯ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಶಿಶುಗಳದು ಸುಮಾರು 3.5 ಕಿಲೋ. ನಮ್ಮ ಶಿಶುಗಳಲ್ಲಿ ಮಾಂಸಖಂಡ ಕಡಿಮೆಯಾಗಿದ್ದರೂ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಇಂತಹ ಮೈಕಟ್ಟೇ ಮುಂದೆ ಸಕ್ಕರೆ ಕಾಯಿಲೆಗೆ ಎಡೆಮಾಡಿಕೊಡುತ್ತದೆಂದು ಅವರ ಅಭಿಪ್ರಾಯ. ಗರ್ಭಿಣಿಯಾಗಿದ್ದಾಗ ಸೊಪ್ಪು, ಹಣ್ಣು, ಹಾಲುಗಳನ್ನು ಹೆಚ್ಚು ಸೇವಿಸಿದ ತಾಯಂದಿರ ಮಕ್ಕಳು ಹೆಚ್ಚು ತೂಕವಿದ್ದವು ಎಂಬುದೂ ಅಲ್ಲಿಯೇ ಕಂಡುಬಂದಿತು. ನುಗ್ಗೆಸೊಪ್ಪು, ದಂಟಿನಸೊಪ್ಪುಗಳಿಗೆ ಹೆಚ್ಚು ಹಣ ಬೇಕಿಲ್ಲ. ಹಾಲಿನ ಮಾತು ಬೇರೆ. ಕರೆದ ಹಾಲನ್ನೆಲ್ಲ ಡೈರಿಗೆ ಅಳೆದು, ಬಸುರಿಗೆ ಕರಿ ಕಾಫಿ ಕೊಡುವ ಮನೆಗಳು ಎಷ್ಟಿಲ್ಲ! ಅವಳಿಗೆಂದು ದಿನಕ್ಕೆ ಅರ್ಧ ಸೇರು ತೆಗೆದಿಡುವುದು ಗಂಡನಾದವನ ಹೊಣೆ.

ಮಗು ದಪ್ಪನಾದರೆ ಹೆರಿಗೆ ಕಷ್ಟವಾದೀತೆಂದು ಹೆದರಿ ಬಸುರಿಯ ಊಟವನ್ನು ಕಡಿಮೆಮಾಡುವ ಪದ್ಧತಿ ಇನ್ನೂ ಕೆಲವೆಡೆ ಉಳಿದಿದೆ. ಅತ್ತೆಯರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳುತ್ತಾರೆ. ಆದರೆ ಸಣ್ಣ ಮಗುವಿನ ಹೆರಿಗೆಯ ಸುಲಭಕ್ಕೆ ಮುಂದೆ ಆ ಮಗುವೇ ಬೆಲೆ ತೆರಬೇಕಾಗುತ್ತದೆ. ಮನೆಮಂದಿಯೆಲ್ಲ ಉಂಡ ಬಳಿಕ ತಳದಲ್ಲಿ ಉಳಿದುದನ್ನು ಗರ್ಭಿಣಿ ಉಣ್ಣುವುದೂ ಸರಿಯಲ್ಲ. ಆಕೆ ಉಳಿದವರೊಂದಿಗೇ ಕುಳಿತು ಉಣ್ಣಲಿ. ನಾಲ್ಕನೆಯ ತಿಂಗಳಿನಿಂದ ಕಬ್ಬಿಣಾಂಶದ ಮಾತ್ರೆಯನ್ನು ದಿನಕ್ಕೊಂದರಂತೆ ಕನಿಷ್ಠ 180 ದಿನ ತೆಗೆದುಕೊಳ್ಳಬೇಕು. ಮಲವು ಕಪ್ಪಾಯಿತೆಂದು ನಿಲ್ಲಿಸಬಾರದು, ಅದರಿಂದ ಅಪಾಯವಿಲ್ಲ.

ಹಾಗೆಂದು ಕೊರತೆಯೊಂದೇ ದೋಷವೆಂದು ಭಾವಿಸಲಾಗದು. ಗರ್ಭಿಣಿಯ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದು ಶಿಶುವಿಗೂ ಹರಿದು, ಮಗು ಅತಿಯಾಗಿ ಬೆಳೆಯಬಹುದು. ಅದಕ್ಕೂ ಮುಂದೆ ಸಕ್ಕರೆ ಕಾಯಿಲೆಯ ಭಯವುಂಟು. ಆದುದರಿಂದ ಗ್ಲೂಕೋಸ್ ಕುಡಿಸಿ ಮಾಡುವ ರಕ್ತಪರೀಕ್ಷೆಯನ್ನು ಪ್ರತಿಯೊಬ್ಬ ಗರ್ಭಿಣಿಯೂ ತಪ್ಪದೆ ಮಾಡಿಸಿಕೊಳ್ಳತಕ್ಕದ್ದು.

ತಾಯಿಯ ಮೈ ಪೂರ್ತಿ ಬೆಳೆದಿರುವುದೂ ಅಷ್ಟೇ ಮುಖ್ಯ. ಇಪ್ಪತ್ತು ವರ್ಷ ತುಂಬುವ ಮುನ್ನ ಬಸುರಾದವಳಲ್ಲಿ ಇನ್ನೂ ಬೆಳೆಯುತ್ತಿರುವ ತಾಯಿಗೂ ಒಳಗಿನ ಶಿಶುವಿಗೂ ಅನ್ನಕ್ಕಾಗಿ ಪೈಪೋಟಿ ನಡೆಯುತ್ತದೆ. ಒಂದು ಹೆರಿಗೆಯಾದ ಮೇಲೆ ಎರಡು ವರ್ಷ ಕಳೆಯುವವರೆಗೆ ಮತ್ತೆ ಗರ್ಭ ನಿಲ್ಲದಂತೆ ನೋಡಿಕೊಂಡರೆ ತಾಯಿಯ ರಕ್ತ, ಸುಣ್ಣಾಂಶಗಳು ಮತ್ತೆ ತುಂಬಿಕೊಳ್ಳುತ್ತವೆ. ಇದಕ್ಕೆ ವಂಕಿ, ನಿರೋಧ್, ನುಂಗುವ ಮಾತ್ರೆ, ಚುಚ್ಚುಮದ್ದು ಇವುಗಳಲ್ಲಿ ಯಾವುದು ತಮಗೆ ಹೊಂದೀತೆಂದು ದಂಪತಿಗಳಿಬ್ಬರೂ ಕೂಡಿ ಬಂದು ಕೇಳಬಹುದು.

ಮಗು ಸಣ್ಣದಾಗಿಯೇ ಹುಟ್ಟಿದರೆ ಎದೆಗುಂದಬೇಕಾಗಿಲ್ಲ. ಗಂಟೆಯೊಳಗೆ ಎದೆಹಾಲು ಕೊಡಿ. ಮೊದಲಿನ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಆರು ತಿಂಗಳು ತುಂಬುವವರೆಗೆ ಜೇನು, ಸಕ್ಕರೆ ನೀರು ಏನೂ ಬೇಡ. ಬಳಿಕ ಎದೆಹಾಲಿನ ಜೊತೆಗೆ ರಾಗಿಸರಿ, ಬೇಳೆ, ಮೊಟ್ಟೆ, ಹಿಸುಕಿದ ಬಾಳೆಹಣ್ಣು ಸಾಗಲಿ. ಆದರೆ ಎರಡು ವರ್ಷ ದಾಟಿದ ಮೇಲೆ ಸಣ್ಣ ಮಗುವೆಂಬ ಮರುಕದಿಂದ ಬಿಸ್ಕತ್ತು, ಕುರುಕಲು ತಿಂಡಿ ಕೊಟ್ಟು ಕೊಬ್ಬಿಸಬಾರದು. ದೆಹಲಿಯಲ್ಲಿ 1969ರಿಂದ 1972ರವರೆಗೆ ಹುಟ್ಟಿದವರನ್ನು ದೊಡ್ಡವರಾಗುವ ತನಕ ಅನುಸರಿಸಿ ನೋಡಿದಾಗ, ಎಳವೆಯಲ್ಲಿ ತೆಳ್ಳಗಿದ್ದು ಆಮೇಲೆ ಬಾಲ್ಯದಲ್ಲಿ ಮೈ ತುಂಬಿಕೊಳ್ಳುತ್ತ ಹೋದವರಲ್ಲಿಯೇ ಸಕ್ಕರೆಯ ತೊಂದರೆ ಹೆಚ್ಚಾಗಿ ಕಂಡುಬಂದಿತು.

ಹುಟ್ಟಿದಾಗಿನ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಜಮೀನಿನ ಪತ್ರಗಳೊಂದಿಗೆ ಪೆಟ್ಟಿಗೆಯಲ್ಲಿಡಿ. ಆ ಅಂಕಿ ಎರಡೂವರೆ ಕಿಲೋಗಿಂತ ಕಡಿಮೆಯಿದ್ದಲ್ಲಿ, ಮಗನಾಗಲಿ ಮಗಳಾಗಲಿ, ಮೂವತ್ತು ವರ್ಷವಾದಾಗಿನಿಂದ ವರ್ಷಕ್ಕೊಮ್ಮೆ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿಕೊಳ್ಳುವಂತೆ ತಿಳಿಸಿರಿ.